ರಾಣಿಯ ಕ್ಷಮೆ ಕೇಳಲು ಹೊರಟ ಡೆಸ್ಮಂಡ್

ಮಸ್ಕತ್ತಿನಲ್ಲಿರುವ ಮಂಗಳೂರು, ಉಡುಪಿ ಕಡೆಯ ಕ್ರೈಸ್ತರಲ್ಲಿ ಕೇಕ್ ಸರಿಯಾಗಿ ಉಬ್ಬದೆ ಮದುವೆ ಆದದ್ದುಂಟು, ಬ್ಯಾಂಡಿನವರು ಕೈಕೊಟ್ಟು ಆದದ್ದೂ ಉಂಟು. ಡೆಸ್ಮಂಡ್ ಮಿನೇಜಸ್ ಟೋಸ್ಟ್ ಎತ್ತದೆ ಆದ ಮದುವೆ ಮಾತ್ರ ಬಹಳ ಕಡಿಮೆ. ಕೇಕ್ ಕತ್ತರಿಸಿದ ಮೇಲೆ ಸಭೆಯ ಪರವಾಗಿ ಒಬ್ಬ ವೇದಿಕೆ ಹತ್ತಿ, ಕೈಯಲ್ಲಿ ಗ್ಲಾಸ್ ಹಿಡಿದು, ಹುಡುಗನನ್ನೂ ಹುಡುಗಿಯನ್ನೂ ಹೊಗಳಿ, ನಾಲ್ಕು ಜೋಕ್ ಹೇಳಿ, ಅವರ ಆರೋಗ್ಯಕ್ಕೆ ಹಾರೈಸಿ, ಎಲ್ಲರ ಬಾಯಲ್ಲಿ ಮೂರು ಸಲ ‘ಹುರ್ರೇ’ ಹೇಳಿಸಬೇಕು. ಟೋಸ್ಟ್ ಎಂದರೆ ಇಷ್ಟೇ, ಐದು ನಿಮಿಷದ ಕೆಲಸ. ಡೆಸ್ಮಂಡನಿಗೆ ಇಪ್ಪತ್ತೈದು ನಿಮಿಷ ಬೇಕು.

ಹೊಟ್ಟೆಪಾಡಿಗೆ ಅವನು ಏಸಿ ರಿಪೇರಿ ಕಂಪೆನಿಯೊಂದರಲ್ಲಿ ಸ್ಟೋರ್ ಕೀಪರ್. ಅಲ್ಲಿ ಅವನ ಮಾತು ದಿನಕ್ಕೆ ಇಪ್ಪತ್ತು ಶಬ್ದ ದಾಟುವುದಿಲ್ಲ: ಫಿಲ್ಟರ್ ಉಂಟು, ಗ್ಯಾಸ್ ಇಲ್ಲ, ಸಹಿ ಹಾಕು, ಖಲಾಸ್. ಅಲ್ ಅಮೇರಾತಿನ ತನ್ನ ಫ್ಲ್ಯಾಟಿಗೆ ಬಂದರೆ ಅದಕ್ಕಿಂತಲೂ ಕಡಿಮೆ. ಊಟಕ್ಕೆ ಕೂತಾಗ ‘ಉಪ್ಪು’ ಎನ್ನುತ್ತಾನೆ, ಏಳುವಾಗ ‘ಆಯ್ತು’ ಎನ್ನುತ್ತಾನೆ. ಅದೇ ಮನುಷ್ಯನ ಕೈಗೆ ಮೈಕ್ ಕೊಟ್ಟು ನೋಡಿ. ನೀರು ದ್ರಾಕ್ಷಾರಸವಾದ ಕಾನಾ ಊರಿನ ಮದುವೆಯಿಂದ ಹಿಡಿದು ಶಿರ್ವ ಪೇಟೆಯ ಬಂಗುಡೆಯವರೆಗೆ ಎಲ್ಲವೂ ಹರಿದು ಬರುತ್ತದೆ. ಅವನ ಹೆಂಡತಿ ಕ್ಲೆಮೆಂಟಿನಾ ಖುರುಮ್‌ನ ಹಲ್ಲಿನ ಕ್ಲಿನಿಕ್ ಒಂದರಲ್ಲಿ ರಿಸೆಪ್ಶನಿಸ್ಟ್. ಬಾಯಿ ಬಿಡಿ ಎಂದರೆ ಬಿಡದವರನ್ನು ದಿನವೂ ಕಂಡವಳು. ಆದರೂ ಗಂಡನಂಥ ಕೇಸು ಇನ್ನೊಂದು ಸಿಕ್ಕಿಲ್ಲ ಎನ್ನುತ್ತಾಳೆ. ಇಪ್ಪತ್ತಾರು ವರ್ಷಗಳಲ್ಲಿ ಅವನು ಆಡಿದ ಒಳ್ಳೆಯ ಮಾತುಗಳನ್ನೆಲ್ಲ ಅವಳು ಕೇಳಿದ್ದು ಸಭೆಯ ಮೂರನೆಯ ಸಾಲಿನಲ್ಲಿ ಕೂತು, ಅವನ ಪಾಲಿನ ಊಟಕ್ಕೆ ಇನ್ನೊಂದು ತಟ್ಟೆ ಕವುಚಿಟ್ಟು, ಆರದಂತೆ ಕಾಯುತ್ತಾ.

ಅವನ ಟೋಸ್ಟಿನ ಕೊನೆಗೆ ಬರುವ ಒಂದು ಮಾತು ಬಹಳ ಪ್ರಸಿದ್ಧ. ಗ್ಲಾಸನ್ನು ತಲೆಯ ಮೇಲಕ್ಕೆ ಎತ್ತಿ, ಕಣ್ಣನ್ನೂ ಅಲ್ಲಿಯೇ ನೆಟ್ಟು, “ಬರುವ ವರ್ಷ ಇದೇ ಹೊತ್ತಿಗೆ ನಿಮ್ಮ ಮನೆಯಲ್ಲಿ ತೊಟ್ಟಿಲು ತೂಗಲಿ” ಎನ್ನುತ್ತಾನೆ. ಸಭೆ ಗೊಳ್ಳೆನ್ನುತ್ತದೆ, ಮದುಮಗಳು ನಾಚುತ್ತಾಳೆ, ಮದುಮಗನ ಗೆಳೆಯರು ಶಿಳ್ಳೆ ಹೊಡೆಯುತ್ತಾರೆ. ಊರಿನ ಮದುವೆಗಳಲ್ಲೂ ಹಿರಿಯರು ಇದನ್ನು ಹೇಳುವುದುಂಟು, ಹೊಸತೇನಲ್ಲ. ಡೆಸ್ಮಂಡ್ ಅದನ್ನು ಕೊಂಕಣಿಯಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ ಹೇಳುತ್ತಿದ್ದ, ಯಾರಿಗೂ ತಪ್ಪಿಹೋಗಬಾರದಲ್ಲ.

ಕ್ಲೆಮೆಂಟಿನಾಳಿಗೆ ಅದು ಒಂದು ಸಲವೂ ತಪ್ಪಿಹೋಗಲಿಲ್ಲ. ಮದುವೆಯಾಗಿ ಒಂಬತ್ತು ವರ್ಷ ಅವರಿಗೆ ಮಕ್ಕಳಿರಲಿಲ್ಲ. ಆ ವರ್ಷಗಳಲ್ಲಿ ಗಂಡನ ಬಾಯಿಯಿಂದ ತೊಟ್ಟಿಲ ಮಾತು ಹೊರಟ ಕೂಡಲೇ ಸುತ್ತಲಿನ ನಾಲ್ಕು ಮೇಜಿನ ಹೆಂಗಸರು ಮದುಮಗಳನ್ನು ಬಿಟ್ಟು ಇವಳ ಕಡೆಗೆ ನೋಡುತ್ತಿದ್ದರು. ಸರಿಯಾಗಿ ಆ ಹೊತ್ತಿಗೆ ಕವುಚಿದ ತಟ್ಟೆಯನ್ನು ಎತ್ತಿ ಪುನಃ ಕವುಚುವ ಅಭ್ಯಾಸವನ್ನು ಅವಳು ಮಾಡಿಕೊಂಡಳು. ಡಾಕ್ಟರುಗಳಾಗಿ, ಹರಕೆಗಳಾಗಿ, ಹತ್ತನೆಯ ವರ್ಷ ಪ್ರಿನ್ಸಿ ಹುಟ್ಟಿದಳು. ಈಗ ಅವಳಿಗೆ ಹದಿನಾರು ತುಂಬಿದೆ. ಮಗು ಬಂದಮೇಲೆ ನೋವು ಹೋಯಿತೇ ಎಂದರೆ, ಇಲ್ಲ, ಹೋಗಲಿಲ್ಲ. ನಿನ್ನ ಮಾತು ನನಗೆ ಚುಚ್ಚುತ್ತಿತ್ತು ಎಂದು ಅವಳು ಡೆಸ್ಮಂಡನಿಗೆ ಹೇಳಲೂ ಇಲ್ಲ. ಅವನಿಗೆ ತಾನಾಗಿಯೇ ತಿಳಿಯಬೇಕು ಎಂದು ಕಾದಳು. ಹಾಗೆ ಕಾಯುವ ಹೆಂಡತಿಯರಿಗೆ ದೇವರು ಸ್ವರ್ಗದಲ್ಲಿ ಬೇರೆಯೇ ಒಂದು ಸಾಲು ಇಟ್ಟಿರಬಹುದು. ಭೂಮಿಯ ಮೇಲಂತೂ ಅದರಿಂದ ಪ್ರಯೋಜನ ಆದದ್ದನ್ನು ಯಾರೂ ಕಂಡಿಲ್ಲ.

ಹೀಗಿರುವಾಗ ಹೋದ ವರ್ಷದ ಚಳಿಗಾಲದಲ್ಲಿ ಬರ್ಕಾದ ಹತ್ತಿರ, ಖರ್ಜೂರದ ತೋಟವೊಂದರ ಪಕ್ಕದ ದೊಡ್ಡ ಬಯಲಿನಲ್ಲಿ, ರೆನೆಸಾನ್ಸ್ ಫೇರ್ ಎಂಬ ಭಾರೀ ಸಂತೆ ಬಂತು. ಐನೂರು ವರ್ಷದ ಹಿಂದಿನ ಯುರೋಪು ಹೇಗಿತ್ತೋ ಹಾಗೆ ಎಂದು ಜಾಹೀರಾತು. ಪ್ಲೈವುಡ್ಡಿನ ಕೋಟೆ, ಕಬ್ಬಿಣದ ಅಂಗಿ ತೊಟ್ಟು ಬೆವರುವ ಕುದುರೆ ಸವಾರರು, ಬಿಲ್ಲುಬಾಣ, ಕುಲುಮೆ. ಕುಲುಮೆಯ ಯುರೋಪಿಯನ್ ಕಮ್ಮಾರ ಪಾಕಿಸ್ತಾನದ ಸಿಯಾಲ್‌ಕೋಟಿನವನು, ಗಡ್ಡ ಮಾತ್ರ ಸ್ವಂತದ್ದು. ಆ ಕಾಲದ ಯುರೋಪಿನಲ್ಲಿ ಏಲಕ್ಕಿ ಹಾಕಿದ ಕರಕ್ ಚಹಾ ಕೂಡ ಸಿಗುತ್ತಿತ್ತೆಂದು ಕ್ಲೆಮೆಂಟಿನಾಳಿಗೆ ತಿಳಿದದ್ದು ಅಲ್ಲಿಯೇ. ಸಾವಿರಾರು ಜನ ಮುಗಿಬಿದ್ದಿದ್ದರು.

ಸಂಜೆ ಅರಸನ ಔತಣ ಎಂಬ ಕಾರ್ಯಕ್ರಮವಿತ್ತು. ವೇದಿಕೆಯ ಮೇಲೆ ಎರಡು ಎತ್ತರದ ಕುರ್ಚಿ, ಒಂದರಲ್ಲಿ ಅರಸ, ಇನ್ನೊಂದರಲ್ಲಿ ಬಿಳಿ ಉಡುಪಿನ ರಾಣಿ, ಎದುರಿಗೆ ಉದ್ದದ ಮೇಜು, ಬದಿಯಲ್ಲಿ ವಾದ್ಯದವರು. ಅರಸ ಎದ್ದು ನಿಂತು, ರಾಣಿಯ ಆರೋಗ್ಯಕ್ಕೆ ಹಾರೈಸುವವರು ಯಾರಿದ್ದೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದ. ಅದು ನಾಟಕದ ಮಾತು, ಉತ್ತರ ಹೇಳಲಿಕ್ಕೆ ಅವರದೇ ಒಬ್ಬ ಮಂತ್ರಿ ಬದಿಯಲ್ಲಿ ಸಿದ್ಧನಾಗಿದ್ದ. ಆದರೆ ಬಿಳಿ ಉಡುಪು, ಎತ್ತರದ ಕುರ್ಚಿ, ವಾದ್ಯ, ಗ್ಲಾಸು ಇಷ್ಟು ಒಟ್ಟಿಗೆ ಕಂಡಮೇಲೆ ಡೆಸ್ಮಂಡನ ಕಾಲು ನಿಲ್ಲುವುದುಂಟೇ? ಮಂತ್ರಿಗಿಂತ ಮೊದಲು ಅವನೇ ಮೇಲಿದ್ದ. ದಾಳಿಂಬೆ ರಸದ ಗ್ಲಾಸ್ ಹಿಡಿದು ಇಪ್ಪತ್ತೆರಡು ನಿಮಿಷ ಟೋಸ್ಟ್ ಎತ್ತಿದ. ಎರಡೂ ಕಡೆಯ ತಂದೆ ತಾಯಿಗಳಿಗೆ ಕೃತಜ್ಞತೆ ಹೇಳಿದ. ಅತ್ತೆಯನ್ನು ಚೆನ್ನಾಗಿ ನೋಡಿಕೊಳ್ಳಬೇಕು ಎಂದು ರಾಣಿಗೆ ಬುದ್ಧಿ ಹೇಳಿದ. ಕೊನೆಗೆ ತೊಟ್ಟಿಲ ಮಾತು. ಬಯಲಿಗೆ ಬಯಲೇ ನಕ್ಕಿತು. ಪ್ರಿನ್ಸಿ ಮುಖ ಮುಚ್ಚಿಕೊಂಡಳು.

ಕ್ಲೆಮೆಂಟಿನಾ ಮಾತ್ರ ರಾಣಿಯ ಮುಖ ನೋಡುತ್ತಿದ್ದಳು. ತೊಟ್ಟಿಲ ಮಾತು ಬಂದ ಹೊತ್ತಿಗೆ ಆ ಮುಖ ಕಲ್ಲಾಯಿತು. ತುಟಿ ಬಿಗಿಯಿತು, ಕಣ್ಣಲ್ಲಿ ನೀರು ತುಂಬಿತು, ಕೈಗಳು ಕುರ್ಚಿಯನ್ನು ಹಿಡಿದುಕೊಂಡವು. ಆ ಮುಖವನ್ನು ಕ್ಲೆಮೆಂಟಿನಾ ಒಂಬತ್ತು ವರ್ಷ ಒಳಗಿನಿಂದ ಹೊತ್ತವಳು. ಮನೆಗೆ ಮರಳುವಾಗ ಕಾರಿನಲ್ಲಿ ಅವಳಿಗೆ ತಡೆಯಲಾಗಲಿಲ್ಲ.

“ಆ ಹೆಂಗಸಿನ ಮುಖ ನೋಡಿದ್ಯಾ ನೀನು?” ಎಂದಳು. “ಮಕ್ಕಳಾಗದವಳ ಎದುರು ಹಾಗೆ ಹೇಳಿದ್ರೆ ಅವಳಿಗೆ ಎಂತ ಆಗ್ತದೆ ಅಂತ ಗೊತ್ತುಂಟಾ? ಅವಳು ಅಲ್ಲೇ ಸಾಯ್ತಾಳೆ ಮಾರಾಯ, ಕುರ್ಚಿಯಲ್ಲಿ ಕೂತಲ್ಲೇ.”

ಡೆಸ್ಮಂಡ್ ಕಾರನ್ನು ಬದಿಗೆ ಹಾಕಿ ನಿಲ್ಲಿಸಿದ. ಹಿಂದಿನ ಸೀಟಿನಲ್ಲಿ ಪ್ರಿನ್ಸಿ ಕಿವಿಗೆ ಹಾಡು ಸಿಕ್ಕಿಸಿಕೊಂಡಿದ್ದಳು. ಈಗ ತಿಳಿಯುತ್ತದೆ, ಈಗ ತನ್ನ ಕಡೆ ತಿರುಗುತ್ತಾನೆ ಎಂದು ಕ್ಲೆಮೆಂಟಿನಾ ಕಾದಳು. ಅವನು ತಿರುಗಲಿಲ್ಲ, ಗೇರ್ ಹಾಕಿದ.

ಅಂದಿನಿಂದ ಅವನು ಟೋಸ್ಟ್ ಎತ್ತುವುದನ್ನು ಬಿಟ್ಟುಬಿಟ್ಟ. ಗಂಟಲು ಸರಿಯಿಲ್ಲ ಎಂದ, ಆಫೀಸಿನಲ್ಲಿ ಆಡಿಟ್ ಎಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಒಮ್ಮೆ ತನ್ನಷ್ಟಕ್ಕೆ ಹೇಳಿದ್ದನ್ನು ಅವಳು ಕೇಳಿಸಿಕೊಂಡಳು. ಆರು ಮದುವೆಗಳು ಅವನ ತೊಟ್ಟಿಲ ಹಾರೈಕೆ ಇಲ್ಲದೆಯೇ ನಡೆದವು. ಅವುಗಳಲ್ಲಿ ಎರಡು ಮದುವೆಯ ಹುಡುಗಿಯರಿಗೆ ಆಗಲೇ ಬಸಿರಿನ ವಾಂತಿ ಶುರುವಾಗಿದೆ ಎಂಬುದು ಬೇರೆ ಮಾತು. ಗಂಡ ಬಳಲುವುದನ್ನು ನೋಡಿ ಅವಳಿಗೆ ಒಂದು ಪಾಲು ಕನಿಕರ, ಒಂದು ಪಾಲು ಸಮಾಧಾನ. ಕೊನೆಗೂ ಬುದ್ಧಿ ಬಂತು, ಇನ್ನು ಒಂದು ದಿನ ಬಂದು ಹೇಳುತ್ತಾನೆ ಎಂದು ನಂಬಿ ಕೂತಳು.

ಈ ಜನವರಿಯಲ್ಲಿ ಒಂದು ದಿನ ಅವನು ನಿಜವಾಗಿಯೂ ಬಂದು ಎದುರಿಗೆ ನಿಂತ. “ಕ್ಲೆಮ್ಮಿ” ಎಂದ. ಅವಳು ತೊಳೆಯುತ್ತಿದ್ದ ಪಾತ್ರೆಯನ್ನು ಕೆಳಗಿಟ್ಟಳು.

“ಬರ್ಕಾದ ಫೇರ್ ಪುನಃ ಬಂದಿದೆಯಂತೆ. ಅದೇ ರಾಣಿಯಂತೆ, ಪೋಸ್ಟರಲ್ಲಿ ನೋಡಿದೆ. ನನಗೆ ಅವಳ ಹತ್ರ ಒಂದು ಕ್ಷಮೆ ಕೇಳ್ಲಿಕ್ಕುಂಟು. ಒಂದು ವರ್ಷದಿಂದ ಮನಸ್ಸಿಗೆ ಸರಿ ಇಲ್ಲ. ಶುಕ್ರವಾರ ಹೋಗುವನಾ?”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುವುದನ್ನು ಅವಳು ಕೇಳಿದ್ದಳು. ತನ್ನ ಗಂಡ ಮದ್ದಿನ ಬಟ್ಟಲು ಹಿಡಿದು ಎಮ್ಮೆಯನ್ನು ಹುಡುಕಿಕೊಂಡು ಬರ್ಕಾಕ್ಕೆ ಹೊರಟದ್ದನ್ನು ಕಂಡು ನಗಬೇಕೋ ಪಾತ್ರೆ ಎತ್ತಿ ಎಸೆಯಬೇಕೋ ತಿಳಿಯಲಿಲ್ಲ. “ಹೋಗುವ” ಎಂದಳು. ಅವನು ಹೇಳುವುದನ್ನು ತನ್ನ ಕಿವಿಯಿಂದ ಕೇಳಬೇಕೆಂಬ ಆಸೆ ಅವಳಿಗಿತ್ತು. ಬೇರೆಯವಳಿಗಾದರೂ ಹೇಳಲಿ, ಹೇಗೆ ಹೇಳುತ್ತಾನೋ ನೋಡಿಯಾದರೂ ನೋಡುತ್ತೇನೆ.

ಶುಕ್ರವಾರ ರಜೆ, ಚರ್ಚಿನ ಪೂಜೆ ಮುಗಿಸಿ ಹೊರಟರು. ದಾರಿಯುದ್ದಕ್ಕೂ ಡೆಸ್ಮಂಡನ ತುಟಿ ಅಲುಗುತ್ತಿತ್ತು, ಕ್ಷಮೆಯ ಇಂಗ್ಲಿಷನ್ನು ಬಾಯಿಪಾಠ ಮಾಡುತ್ತಿದ್ದ. ಪ್ರಿನ್ಸಿ ಹಿಂದಿನಿಂದ ಬಗ್ಗಿ, “ಡ್ಯಾಡಿ, ಪ್ಲೀಸ್, ನೋ ಸ್ಟೇಜ್. ಪ್ರಾಮಿಸ್ ಮಿ” ಎಂದಳು. ಅವನು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿದ.

ಗೇಟಿನಲ್ಲಿ ಟಿಕೆಟ್ ನೋಡುತ್ತಿದ್ದವನು ಬರ್ಕಾದವನೇ ಆದ ಮುಸ್ತಫಾ, ಮೈಗೆ ದಿಶ್ದಾಶ ಎಂಬ ಬಿಳಿ ನಿಲುವಂಗಿ, ತಲೆಗೆ ಕಸೂತಿಯ ಟೋಪಿ. ಡೆಸ್ಮಂಡನ ಗುರುತಿನ ಕಾರ್ಡಿನ ಮೇಲಿನ ಹೆಸರು ಓದಿ ಹಿಂದಿಯಲ್ಲಿ ಮಾತಿಗೆ ಎಳೆದ.

“ಮಿನೇಜಸ್? ಇದು ಪೋರ್ಚುಗೀಸ್ ಹೆಸರಲ್ಲವಾ? ಐನೂರು ವರ್ಷದ ಹಿಂದೆ ನಿಮ್ಮವರು ಇಲ್ಲಿಗೆ ಟಿಕೆಟ್ ಇಲ್ಲದೆ ಬಂದಿದ್ದರು. ಹೊರಗೆ ಕಳಿಸುವಷ್ಟರಲ್ಲಿ ನಮಗೆ ನೂರೈವತ್ತು ವರ್ಷ ಹಿಡಿಯಿತು.”

“ನಮ್ಮವರಲ್ಲ, ನಮ್ಮ ಮೇಲೂ ಅವರೇ ಬಂದದ್ದು. ಹೆಸರು ಬಿಟ್ಟು ಹೋದರು” ಎಂದ ಡೆಸ್ಮಂಡ್.

“ಹಾಗಾದರೆ ನೀನು ಹತ್ತು ಗಂಟೆಗೆ ಗೇಟು ಮುಚ್ಚುವಾಗ ಸರಿಯಾಗಿ ಹೊರಗೆ ಹೋಗು. ಯಲ್ಲಾ, ಈಗ ಒಳಗೆ ನಡಿ” ಎಂದು ಮುಸ್ತಫಾ ನಗುತ್ತಾ ಕೈಗೆ ಮುದ್ರೆ ಒತ್ತಿದ.

ಸಂತೆ ಹೋದ ವರ್ಷದ್ದಕ್ಕಿಂತ ದೊಡ್ಡದಾಗಿತ್ತು. ಕೋಟೆಗೆ ಇನ್ನೊಂದು ಗೋಪುರ ಬಂದಿತ್ತು. ಸಿಯಾಲ್‌ಕೋಟಿನ ಕಮ್ಮಾರನಿಗೆ ಈ ಸಲ ಒಬ್ಬ ಸಹಾಯಕ ಇದ್ದ, ಅವನು ಕೇರಳದ ಯುರೋಪಿಯನ್. ರಾಣಿಯನ್ನು ಹತ್ತಿರದಿಂದ ಕಾಣಬೇಕಾದರೆ ಔತಣಕ್ಕೆ ಮೊದಲು ಅವಳ ಡೇರೆಯ ಎದುರು ಫೋಟೋಕ್ಕೆ ಸಾಲು ನಿಲ್ಲಬೇಕಿತ್ತು. ಪ್ರಿನ್ಸಿ ತನಗೂ ಇವರಿಗೂ ಸಂಬಂಧವಿಲ್ಲ ಎಂಬಂತೆ ಬಿಲ್ಲುಬಾಣದ ಕಡೆಗೆ ನಡೆದಳು. ಗಂಡ ಹೆಂಡತಿ ನಲವತ್ತು ನಿಮಿಷ ಸಾಲಿನಲ್ಲಿ ನಿಂತರು. ಒಬ್ಬೊಬ್ಬರಿಗೆ ಅರ್ಧ ನಿಮಿಷವಂತೆ. ಅರ್ಧ ನಿಮಿಷದಲ್ಲಿ ಡೆಸ್ಮಂಡ್ ಕೆಮ್ಮಿಯೂ ಮುಗಿಸುವುದಿಲ್ಲ ಎಂದು ಕ್ಲೆಮೆಂಟಿನಾಳಿಗೆ ಗೊತ್ತಿತ್ತು, ಹಿಂದಿದ್ದ ನಾಲ್ಕು ಮಕ್ಕಳ ಒಮಾನಿ ಸಂಸಾರಕ್ಕೆ ಪಾಪ ಗೊತ್ತಿರಲಿಲ್ಲ.

ಸರದಿ ಬಂತು. ರಾಣಿಯ ಕುತ್ತಿಗೆಯ ಸುತ್ತ ನೀರುದೋಸೆ ಮಡಚಿ ಮಡಚಿ ಜೋಡಿಸಿದಂಥ ದೊಡ್ಡ ಬಿಳಿ ಕಾಲರ್ ಇತ್ತು. ಫೋಟೋದವನು ನಗಿ ಎಂದ. ಡೆಸ್ಮಂಡ್ ನಗಲಿಲ್ಲ, ಕೈ ಕಟ್ಟಿ ನಿಂತ.

“ಮೇಡಂ, ಹೋದ ವರ್ಷ ನಾನು ನಿಮಗೆ ಒಂದು ದೊಡ್ಡ ತಪ್ಪು ಮಾಡಿದ್ದೇನೆ” ಎಂದು ಇಂಗ್ಲಿಷಿನಲ್ಲಿ ತೊಡಗಿದ. “ಮಗುವಿನ ವಿಷಯ ಹೇಳಿದೆ. ನನ್ನ ಹೆಂಡತಿ ನಿಮ್ಮ ಕಣ್ಣೀರನ್ನು ನೋಡಿದಳು. ನಾನು ನೋಡಲಿಲ್ಲ. ಒಬ್ಬ ಹೆಂಗಸಿನ ದುಃಖದ ಮೇಲೆ ನಿಂತು ನಾನು ಜನರನ್ನು ನಗಿಸಿದೆ. ಒಂದು ವರ್ಷದಿಂದ ಅದು ನನ್ನನ್ನು ತಿನ್ನುತ್ತಾ ಉಂಟು.”

ಪಕ್ಕದಲ್ಲಿ ನಿಂತ ಕ್ಲೆಮೆಂಟಿನಾ ಒಂದೂ ಬಿಡದೆ ಕೇಳಿಸಿಕೊಂಡಳು. ಅಷ್ಟು ಚೆನ್ನಾಗಿ ಹೇಳುತ್ತಿದ್ದ. ಒಂದೊಂದು ಮಾತೂ ಅವಳದ್ದೇ, ವಿಳಾಸವೊಂದು ತಪ್ಪಿತ್ತು ಅಷ್ಟೇ.

ರಾಣಿ ಕಣ್ಣರಳಿಸಿ ನೋಡಿದಳು. ಆಮೇಲೆ ನೆನಪಾಗಿ, ರಾಣಿಯರು ನಗಬಾರದ ಹಾಗೆ ನಕ್ಕಳು. “ನೀನಾ? ಅತ್ತೆಯನ್ನು ಚೆನ್ನಾಗಿ ನೋಡಿಕೊ ಅಂದವನು? ಅಯ್ಯೋ ದೇವರೇ, ನನಗೆ ಬಲ್ಗೇರಿಯಾದಲ್ಲಿ ಮೂರು ಗಂಡುಮಕ್ಕಳಿದ್ದಾರೆ. ನಾಲ್ಕು ತಿಂಗಳು ಈ ಕುರ್ಚಿಯಲ್ಲಿ ಸುಮ್ಮನೆ ಕೂರಬಹುದು ಅಂತಲೇ ನಾನು ರಾಣಿಯಾಗಿ ಬರುವುದು.”

“ಮತ್ತೆ ಕಣ್ಣೀರು?”

“ಇರುವೆ” ಎಂದಳು ರಾಣಿ, ಕಾಲರಿನ ಅಂಚು ತೋರಿಸಿ. “ಆ ತೋಟದ ಕೆಂಪು ಇರುವೆ. ಇದರ ಒಳಗೆ ಹೊಕ್ಕಿತ್ತು. ರಾಣಿ ಕೆರೆದುಕೊಳ್ಳುವ ಹಾಗಿಲ್ಲ, ನೀನೋ ಮುಗಿಸುವ ಹಾಗೆ ಕಾಣಲಿಲ್ಲ.”

ಬೆಟ್ಟ ಅಗೆದು ಇಲಿ ಹಿಡಿದರು ಎನ್ನುತ್ತಾರೆ. ಇಲ್ಲಿ ಒಂದು ವರ್ಷ ಅಗೆದದ್ದಕ್ಕೆ ಸಿಕ್ಕಿದ್ದು ಇಲಿಯೂ ಅಲ್ಲ. ಫೋಟೋದವನು ಇಬ್ಬರನ್ನೂ ನಯವಾಗಿ ಹೊರಗೆ ಕಳಿಸಿದ. ಕ್ಲೆಮೆಂಟಿನಾಳಿಗೆ ನಾಚಿಕೆಯಾಯಿತು. ತನ್ನ ಮುಖವನ್ನು ಅನ್ಯಳೊಬ್ಬಳ ಮುಖದಲ್ಲಿ ಕಂಡು, ಅವಳಿಗೆ ಇಲ್ಲದ ದುಃಖವನ್ನು ಅಂಟಿಸಿ, ಗಂಡನನ್ನು ವರ್ಷವಿಡೀ ಉಪವಾಸ ಹಾಕಿದವಳು ತಾನೇ ಅಲ್ಲವೇ?

ಡೆಸ್ಮಂಡನಿಗೆ ಅಂಥ ಚಿಂತೆಯೇನೂ ಇರಲಿಲ್ಲ. ಡೇರೆಯ ಹಿಂದೆ ಕೂರಲೆಂದು ಹುಲ್ಲಿನ ಕಟ್ಟುಗಳನ್ನು ಇಟ್ಟಿದ್ದರು. ಅವನು ಎರಡು ಕರಕ್ ಚಹಾ ತಂದು, ಹೆಂಡತಿಗೆ ಒಂದು ಕೊಟ್ಟು ಕೂತ. ಮುಖಕ್ಕೆ ಹತ್ತು ವರ್ಷ ಪ್ರಾಯ ಇಳಿದಿತ್ತು.

“ಇರುವೆಯಂತೆ” ಎಂದ. “ಒಂದು ಇರುವೆಗೋಸ್ಕರ ನಾನು ಆರು ಮದುವೆ ಬಿಟ್ಟೆ. ನಮ್ಮ ಚರ್ಚಿನ ಗ್ಯಾವಿನ್‌ನ ತಾಯಿ ಮೂರು ಸಲ ಫೋನ್ ಮಾಡಿದ್ದರು, ಮಗನ ಮದುವೆಗೆ ನೀನೇ ಆಗಬೇಕು ಅಂತ. ಇವತ್ತೇ ಹೂಂ ಹೇಳುವ. ಇನ್ನು ಕೊನೆಗೆ ಆ ತೊಟ್ಟಿಲ ಮಾತು ಹಾಕಬಹುದಲ್ಲ, ಏನೂ ತೊಂದರೆ ಇಲ್ಲ?”

ಕ್ಲೆಮೆಂಟಿನಾ ಚಹಾದ ಕಪ್ಪನ್ನು ಹುಲ್ಲಿನ ಮೇಲೆ ಇಟ್ಟಳು. ಈಗ ಬಾಯಿ ಮುಚ್ಚಿದರೆ ಇನ್ನು ಸಾಯುವವರೆಗೆ ಮೂರನೆಯ ಸಾಲಿನಲ್ಲಿ ಕೂತು ಅದನ್ನು ಕೇಳುತ್ತಲೇ ಇರಬೇಕು ಎಂದು ಅವಳಿಗೆ ಸ್ಪಷ್ಟವಾಯಿತು. ಕಾದದ್ದು ಸಾಕು.

“ಅವಳ ಕಾಲರಲ್ಲಿ ಇರುವೆ ಇತ್ತು” ಎಂದಳು. “ನನ್ನ ಕಾಲರಲ್ಲಿ ಇರ್ಲಿಲ್ಲ, ಡೆಸ್ಮಂಡ್.”

ಅವನಿಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಒಂಬತ್ತು ವರ್ಷ, ಎಷ್ಟು ಮದುವೆ ಹಾಲ್‌ಗಳು, ಎಷ್ಟು ಮದುವೆಗಳು, ತಿರುಗಿ ನೋಡುವ ಹೆಂಗಸರು, ಎತ್ತಿ ಕವುಚುವ ತಟ್ಟೆ. “ಮೂರನೇ ಸಲ ಆಸ್ಪತ್ರೆಯಿಂದ ಇಲ್ಲ ಅಂತ ಬಂತಲ್ಲ, ಅದರ ಮರುದಿನ ಒಂದು ಮದುವೆ ಇತ್ತು. ಅಲ್ಲಿಯೂ ಹೇಳಿದೆ ನೀನು. ಎರಡು ಭಾಷೆಯಲ್ಲಿ. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತಿದ್ದೇನೆ. ಇವನಿಗೆ ಹೃದಯ ಉಂಟಾ ಇಲ್ವಾ ಅಂತ ಇವತ್ತಿನವರೆಗೂ ನನಗೆ ಗೊತ್ತಾಗಲಿಲ್ಲ.”

ಡೆಸ್ಮಂಡ್ ತನ್ನ ಕಪ್ಪನ್ನೂ ಅವಳ ಕಪ್ಪಿನ ಪಕ್ಕ ಇಟ್ಟ. ಆಚೆ ಕುದುರೆ ಸವಾರರ ಕಾಳಗ ಶುರುವಾಗಿ ಜನ ಕೂಗುತ್ತಿದ್ದರು.

“ನಮ್ಮ ಮದುವೆಯಾದ ಮೊದಲ ವರ್ಷ ಆ ಮಾತು ನನ್ನ ಟೋಸ್ಟಲ್ಲಿ ಇರ್ಲಿಲ್ಲ, ನಿನಗೆ ನೆನಪುಂಟಾ?” ಎಂದು ಕೇಳಿದ.

ಅವಳು ಯೋಚಿಸಿದಳು. ನಿಜವಾಗಿಯೂ ಇರಲಿಲ್ಲ.

“ಎರಡನೇ ವರ್ಷ ಹಾಕಿದ್ದು. ರಜೆಗೆ ಹೋದಾಗ ನಮ್ಮ ಹಳೇ ಪಾದ್ರಿಗಳ ಹತ್ರ ಕೇಳಿದ್ದೆ, ಎಂತ ಮಾಡುವುದು ಫಾದರ್, ಕ್ಲೆಮ್ಮಿಗೆ ಬಹಳ ಬೇಜಾರು ಅಂತ. ನಿನಗೆ ಬೇಕಾದ್ದನ್ನು ಬೇರೆಯವರಿಗೆ ಬೇಡಿಕೊ, ದೇವರು ನಿನಗೂ ಕೊಡ್ತಾನೆ ಅಂದ್ರು.” ಅವನ ಸ್ವರ ಒಡೆದಿತ್ತು. “ನಾನು ಅದನ್ನು ಅವರಿಗೆ ಹೇಳ್ತಾ ಇದ್ದದ್ದಲ್ಲ, ಕ್ಲೆಮ್ಮಿ. ನಮಗೇ ಬೇಡ್ತಾ ಇದ್ದದ್ದು. ಅದಕ್ಕೇ ಮೇಲೆ ನೋಡಿಕೊಂಡು ಹೇಳ್ತಿದ್ದೆ. ಒಂದು ಭಾಷೆಯಲ್ಲಿ ಹೋಗಿ ಮುಟ್ಟದಿದ್ರೆ ಇನ್ನೊಂದರಲ್ಲಾದ್ರೂ ಮುಟ್ಟಲಿ ಅಂತ. ಪ್ರಿನ್ಸಿ ಹುಟ್ಟಿದ ಮೇಲೆ ಬಿಡ್ಲಿಕ್ಕೆ ಹೆದರಿಕೆ ಆಯ್ತು.”

ಕ್ಲೆಮೆಂಟಿನಾಳಿಗೆ ಅಳು ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು. ಒಂದೇ ಮನೆಯಲ್ಲಿ, ಒಂದೇ ಹಾಸಿಗೆಯಲ್ಲಿ, ಇಬ್ಬರೂ ಒಂದೇ ದುಃಖವನ್ನು ಇಟ್ಟುಕೊಂಡು, ಅವನು ಅದನ್ನು ಮುನ್ನೂರು ಜನರ ಎದುರು ಹೇಳಿದ, ಅವಳು ನಲ್ಲಿಯ ನೀರಿಗೆ ಹೇಳಿದಳು.

“ಇದನ್ನು ಆಗಲೇ ನನ್ನ ಹತ್ರ ಹೇಳ್ಲಿಕ್ಕೆ ನಿನಗೆ ಎಂತ ಆಗಿತ್ತು?”

“ಮೈಕ್ ಇಲ್ಲದೆ ನನಗೆ ಮಾತಾಡ್ಲಿಕ್ಕೆ ಎಲ್ಲಿ ಬರ್ತದೆ?” ಎಂದ ಡೆಸ್ಮಂಡ್. ಅವನು ತಮಾಷೆ ಮಾಡಿದ್ದಲ್ಲ. ಆಮೇಲೆ ಅವಳ ಕಡೆಗೆ ತಿರುಗಿ, ಅವಳ ಮುಖವನ್ನು ನೇರ ನೋಡಿ, “ತಪ್ಪಾಯ್ತು” ಎಂದ.

ಅಷ್ಟೇ. ಕಾನಾ ಊರಿನ ಮದುವೆ ಬರಲಿಲ್ಲ, ಬಂಗುಡೆ ಬರಲಿಲ್ಲ. ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಬಾರಿಗೆ ಗಂಡನ ಮಾತು ಬೇಗ ಮುಗಿದುಹೋಯಿತು ಎಂದು ಕ್ಲೆಮೆಂಟಿನಾಳಿಗೆ ಅನ್ನಿಸಿತು. ಅವಳು ಸೆರಗಿಲ್ಲದ್ದಕ್ಕೆ ಅವನ ಅಂಗಿಯ ತೋಳಿನಿಂದಲೇ ಕಣ್ಣು ಒರೆಸಿಕೊಂಡು, ಹುಲ್ಲಿನ ಕಟ್ಟಿನ ಮೇಲೆ ಹತ್ತಿರಕ್ಕೆ ಸರಿದು ಕೂತಳು.

“ಇನ್ನೂ ಹೇಳು” ಎಂದಳು. “ಇವತ್ತು ಉದ್ದ ಆದ್ರೂ ಅಡ್ಡಿಲ್ಲ.”